ಎರಡು ದಿನಕ್ಕೆ ಮೂರೇ ಉಡುಗೊರೆ

ಚಿಕ್ಕಮಗಳೂರು
15-12-2025

ಚಿ. ಮಾನಸಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅರೇಬಿಕಾ ಕೊಯ್ಲು ನಡೀತಿದೆ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಿನ್ನ ಪಟ್ಟಿ ತಲುಪಿತು. ಕ್ರಿಸ್‌ಮಸ್‌ಗೆ ಮನೆ ಓನರ್ ಅಂಕಲ್‌ಗೆ ಮಫ್ಲರ್, ಆಂಟಿಗೆ ಟೋಪಿ, ಅವರ ಮಗಳಿಗೆ ಬೆರಳಿಲ್ಲದ ಗ್ಲೌಸು, ಮೊಮ್ಮಗುವಿಗೆ ಕಾಲುಚೀಲ, ಆಫೀಸಿನ ಇಬ್ಬರಿಗೆ ಇನ್ನೆರಡು ಟೋಪಿ. ಆರನ್ನೂ ಈ ಶನಿವಾರ, ಭಾನುವಾರ ಹೆಣೆದು ಮುಗಿಸುತ್ತೇನೆ ಅಂದಿದ್ದೀಯ. ಆಗಲ್ಲ ಪುಟ್ಟಿ. ಆಸೆ ದೊಡ್ಡದು ಅಂತ ಹೇಳುತ್ತಿಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ.

ನಿನ್ನ ಕೈ ನಿಮಿಷಕ್ಕೆ 25 ಕುಣಿಕೆ ಓಡುತ್ತೆ ಅಂತ ಇಟ್ಟುಕೋ. 8 ಪ್ಲೈ (ನೂಲಿನ ದಪ್ಪದ ಹೆಸರು) ಉಲ್ಲನ್ನಿನ ದೊಡ್ಡವರ ಟೋಪಿಗೆ ಹೆಚ್ಚುಕಡಿಮೆ 6,000 ಕುಣಿಕೆ, ಅಂದರೆ ನಾಲ್ಕು ಗಂಟೆ. ಗ್ಲೌಸಿನ ಒಂದು ಜೋಡಿಗೆ 4,400, ಮೂರು ಗಂಟೆ. ಮಫ್ಲರ್ 16 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದ ಬೇಕಂದರೆ ನಂಬರ್ 8 ಕಡ್ಡಿಯಲ್ಲಿ 32 ಕುಣಿಕೆ, 560 ಸಾಲು, ಒಟ್ಟು 18,000 ಹತ್ತಿರ. ಅದೊಂದೇ ಹನ್ನೆರಡು ಗಂಟೆ ತಿನ್ನುತ್ತೆ. ಹೊಲಿಗೆ, ತುದಿ ಮುಚ್ಚೋದು, ತೊಳೆಯೋದು ಇದರಲ್ಲಿ ಸೇರಿಲ್ಲ. ದಿನಕ್ಕೆ ಆರೇಳು ಗಂಟೆಗಿಂತ ಹೆಚ್ಚು ಹೆಣೆದರೆ ಹೆಬ್ಬೆರಳಿನ ಬುಡ ನೋಯುತ್ತೆ. ನೋವು ಬಂದರೆ ಕೈ ಬಿಗಿಯುತ್ತೆ, ಕೈ ಬಿಗಿದರೆ ಅಳತೆ ಕೆಡುತ್ತೆ.

ಹಾಗಾಗಿ ಮಫ್ಲರ್, ಒಂದು ಟೋಪಿ, ಗ್ಲೌಸು ಇಷ್ಟೇ ಇಟ್ಟುಕೋ. ಮಫ್ಲರ್‌ನ ಹನ್ನೆರಡು ಗಂಟೆ ಇಳಿಸುವ ದಾರಿ ಕೆಳಗೆ ಹೇಳುತ್ತೇನೆ. ಮಗುವಿನ ಕಾಲುಚೀಲ ಸಂಕ್ರಾಂತಿಗೆ ಎಳ್ಳಿನ ಜೊತೆ ಕೊಡು, ಯಾರೂ ಬೇಡ ಅನ್ನಲ್ಲ. ಆಫೀಸಿನವರಿಗೆ ಇಲ್ಲಿಂದ ಕಾಫಿಪುಡಿ ಕಳಿಸುತ್ತೇನೆ.

ಮೊದಲು ಕಡ್ಡಿಯ ನಂಬರ್ ವಿಚಾರ. ನಮ್ಮಲ್ಲಿ ಸಿಗುವ ಕಡ್ಡಿಗೆ ಹಳೇ ಬ್ರಿಟಿಷ್ ನಂಬರ್: ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 10 ಅಂದರೆ 3.25 ಮಿ.ಮೀ., 8 ಅಂದರೆ 4 ಮಿ.ಮೀ., 5 ಅಂದರೆ 5.5 ಮಿ.ಮೀ. ಅಮೆರಿಕದವರದ್ದು ಇದಕ್ಕೆ ತಿರುಗಾಮುರುಗಾ, ಅವರ 8 ನಮ್ಮ 6, ಅಂದರೆ 5 ಮಿ.ಮೀ. ನೀನು ಮೊಬೈಲಿನಲ್ಲಿ ನೋಡುವ ಮಾದರಿಗಳು ಹೆಚ್ಚಾಗಿ ಅಲ್ಲಿಯವೇ. ಅವರು 8 ಅಂದರು ಅಂತ ನೀನೂ 8 ಹಿಡಿದರೆ ಟೋಪಿ ಮಗುವಿಗಾಗುತ್ತೆ. ಮಿಲಿಮೀಟರ್ ಒಂದನ್ನೇ ನಂಬು.

ಉಲ್ಲನ್ ಒಂದೇ ಸಲ ತಂದುಬಿಡು. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಶೇಡ್ ನಂಬರ್ ಪಕ್ಕದಲ್ಲೇ ಲಾಟ್ ನಂಬರ್ (ಯಾವ ಸಲ ಬಣ್ಣ ಹಾಕಿದ್ದು ಅನ್ನೋದು) ಇರುತ್ತೆ, ಎಲ್ಲ ಉಂಡೆಯಲ್ಲೂ ಇವೆರಡೂ ಅವೇ ಇರಬೇಕು. ಶೇಡ್ ಒಂದೇ ಆಗಿ ಲಾಟ್ ಬೇರೆಯಾದರೆ ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲ್ಲ, ಬಿಸಿಲಿಗೆ ಹಿಡಿದಾಗ ಮಧ್ಯೆ ಪಟ್ಟೆ ಕಾಣುತ್ತೆ. ಟೋಪಿಗೆ 100 ಗ್ರಾಂ, ಗ್ಲೌಸಿಗೆ 50 ಗ್ರಾಂ ತಂದರೆ ಕೈಗೆ ಉಳಿಯುತ್ತೆ. ಮಫ್ಲರ್‌ಗೆ 250. ಕೆಂಪು-ಬಿಳಿ ಬೆರೆಸುವ ಮನಸ್ಸಿದ್ದರೆ ಕೆಂಪು ನೂಲಿನ ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡು. ಗುಲಾಬಿ ಕಲೆ ಕಂಡರೆ ಆ ಜೋಡಿ ಬೇಡ.

ಶುಕ್ರವಾರ ರಾತ್ರಿ ಊಟ ಆದಮೇಲೆ ಅಳತೆಯ ತುಂಡು ಹೆಣೆ. ನಂಬರ್ 8ರಲ್ಲಿ 28 ಕುಣಿಕೆ ಹಾಕು, ಒಂದು ಸಾಲು ನಿಟ್ (ಸೀದಾ ಕುಣಿಕೆ), ಒಂದು ಸಾಲು ಪರ್ಲ್ (ಉಲ್ಟಾ ಕುಣಿಕೆ), 12 ಸೆಂ.ಮೀ. ಆಗುವವರೆಗೆ. ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಣಿಸು, 22 ಬರಬೇಕು. 20 ಬಂದರೆ ಎರಡೇ ತಾನೇ ಅನ್ನಬೇಡ. 112 ಕುಣಿಕೆಯ ಟೋಪಿ 22ರ ಲೆಕ್ಕಕ್ಕೆ 51 ಸೆಂ.ಮೀ. ಸುತ್ತಳತೆ, 20ರ ಲೆಕ್ಕಕ್ಕೆ 56. ತಲೆಯೇ 56 ಇರುತ್ತೆ, ಹಿಡಿತವೇ ಇಲ್ಲದ ಟೋಪಿ ಕಣ್ಣಿಗಿಳಿಯುತ್ತೆ. ಸಡಿಲ ಬಂದರೆ ನಂಬರ್ 9 ಹಿಡಿ. ಕೈ ಬಿಗಿ ಮಾಡಿ ಸರಿಹೊಂದಿಸಬೇಡ, ಹತ್ತು ಸಾಲಿಗೆ ಕೈ ಮತ್ತೆ ತನ್ನ ಚಾಳಿಗೇ ಬರುತ್ತೆ.

ಶನಿವಾರ ಬೆಳಿಗ್ಗೆ ಟೋಪಿ, ಬೆಳಕಿರುವಾಗಲೇ. ನಂಬರ್ 8ರಲ್ಲಿ 114 ಕುಣಿಕೆ ಹಾಕು (ಬದಿಯ ಹೊಲಿಗೆಗೆ ಎರಡು ಹೋಗಿ 112 ಉಳಿಯುತ್ತೆ), ಆಮೇಲೆ ನಂಬರ್ 10ಕ್ಕೆ ಬಾ. ಶುರುವೂ 10ರಲ್ಲೇ ಆದರೆ ಅಂಚು ಹಿಗ್ಗದೆ ಹಣೆಯ ಮೇಲೆ ಗೀರು ಬೀಳುತ್ತೆ. ಎಷ್ಟು ನೂಲು ಬಿಟ್ಟು ಶುರು ಮಾಡಬೇಕು ಅಂದರೆ ಕಡ್ಡಿಗೆ ಹತ್ತು ಸುತ್ತು ಸುತ್ತಿ ನೋಡು, ಅಷ್ಟು ನೂಲು ಹತ್ತು ಕುಣಿಕೆಗೆ. ಅದರ ಹನ್ನೆರಡರಷ್ಟು ಅಳೆದು, ಹೊಲಿಯೋಕೆ ಇನ್ನೊಂದು ಮೊಳ ಸೇರಿಸು.

ಎರಡು ನಿಟ್, ಎರಡು ಪರ್ಲ್, ಕೊನೆಗೆ ಎರಡು ನಿಟ್. ಹಿಂಭಾಗದ ಸಾಲು ಎರಡು ಪರ್ಲ್‌ನಿಂದ ಶುರು. ಹೀಗೆ 5 ಸೆಂ.ಮೀ. ಆಮೇಲೆ ನಂಬರ್ 8ರಲ್ಲಿ ಒಂದು ಸಾಲು ನಿಟ್, ಒಂದು ಪರ್ಲ್, ಬುಡದಿಂದ ಅಳೆದು 13 ಸೆಂ.ಮೀ. ಆಗುವವರೆಗೆ. ಇಲ್ಲಿ ನಿಲ್ಲಿಸಿ, ಬೇರೆ ಬಣ್ಣದ ಹೊಲಿಗೆ ದಾರವನ್ನು ಎಲ್ಲ ಕುಣಿಕೆಯೊಳಗೂ ಸೂಜಿಯಲ್ಲಿ ಹಾಯಿಸಿಬಿಡು. ನೆತ್ತಿ ಕೆಟ್ಟರೆ ಧೈರ್ಯವಾಗಿ ಬಿಚ್ಚು, ದಾರದ ಹತ್ತಿರ ಬಂದು ನಿಲ್ಲುತ್ತೆ.

ನೆತ್ತಿಗೆ ಅಂಚಿನ ಒಂದು ಕುಣಿಕೆ, ಆಮೇಲೆ 12 ನಿಟ್, ಎರಡನ್ನು ಸೇರಿಸಿ ಒಂದು ನಿಟ್, ಇದೇ ರೀತಿ ಎಂಟು ಸಲ, ಕೊನೆಗೆ ಅಂಚಿನ ಒಂದು. 106 ಉಳಿಯಬೇಕು. ಹಿಂಭಾಗದ ಸಾಲು ಪೂರ್ತಿ ಪರ್ಲ್. ಮುಂದಿನ ಸಲ 11 ನಿಟ್ಟಿಗೆ ಒಂದು ಜೋಡಿ, ಆಮೇಲೆ 10ಕ್ಕೆ. ಪ್ರತಿ ಮುಂಭಾಗದ ಸಾಲಲ್ಲೂ ಎಂಟು ಕಡಿಮೆಯಾಗುತ್ತಾ 98, 90, 82 ಅಂತ ಇಳಿದು 10ಕ್ಕೆ ನಿಲ್ಲುತ್ತೆ. ಸಾಲು ಸಾಲಿಗೂ ಎಣಿಸು. ಸಂಖ್ಯೆ ತಪ್ಪಿದರೆ ಆ ಸಾಲಲ್ಲೇ ತಪ್ಪಿದೆ, ಅಲ್ಲೇ ಸರಿ ಮಾಡು. ಮೂರು ಸಾಲು ಮುಂದೆ ಹೋದರೆ ಜೋಡಿಗಳೆಲ್ಲ ಪಕ್ಕಕ್ಕೆ ಸರಿದು ನೆತ್ತಿಯ ಗೆರೆ ಸೊಟ್ಟಗಾಗುತ್ತೆ. ಉಳಿದ ಹತ್ತು ಕುಣಿಕೆಗೆ ನೂಲು ಎರಡು ಸಲ ಹಾಯಿಸಿ ಬಿಗಿದು ಎಳೆ. ಒಂದೇ ಸಲ ಹಾಯಿಸಿದರೆ ನಾಲ್ಕು ದಿನಕ್ಕೆ ನೆತ್ತಿಯಲ್ಲಿ ತೂತು ಕಾಣುತ್ತೆ.

ಬದಿಯನ್ನು ಮುಂಭಾಗ ಮೇಲಿಟ್ಟುಕೊಂಡೇ ಹೊಲಿ. ಅಂಚಿನ ಕುಣಿಕೆಗೂ ಅದರ ಪಕ್ಕದ್ದಕ್ಕೂ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ನೂಲುಗಳಿರುತ್ತವೆ. ಈ ಕಡೆ ಒಂದು, ಆ ಕಡೆ ಒಂದು ಎತ್ತುತ್ತಾ ಹೋಗಿ ನಾಲ್ಕೈದಕ್ಕೊಮ್ಮೆ ಎಳೆ. ಹೊಲಿಗೆ ಮುಚ್ಚಿಹೋಗುತ್ತೆ. ಟೋಪಿ ಕೈಯಲ್ಲಿ ತಿರುಗಿಸಿ ನೋಡುವವರು ಮೊದಲು ನೋಡೋದೇ ಈ ಜಾಗ, ಆತುರ ಮಾಡಬೇಡ.

ಮಫ್ಲರ್‌ಗೆ ನಿಟ್-ಪರ್ಲ್ ಸಾಲು ಬೇಡವೇ ಬೇಡ. ಆ ಹೆಣಿಗೆಯ ಅಂಚು ಹಿಂದಕ್ಕೆ ಸುರುಳಿ ಸುತ್ತುತ್ತೆ, ಅದು ಅದರ ಗುಣ. ಇಸ್ತ್ರಿ ಹಾಕಿ ಸರಿ ಮಾಡೋಕೆ ಹೋದರೆ ಅಕ್ರಿಲಿಕ್ ಬಿಸಿಗೆ ಸತ್ತು ಜೋಲುಬಿದ್ದು ಹೊಳೆಯುತ್ತೆ, ಮತ್ತೆ ಮೊದಲಿನಂತಾಗಲ್ಲ. ಎಲ್ಲ ಸಾಲೂ ನಿಟ್ ಮಾಡು, ಅದು ಸುರುಳಿ ಸುತ್ತಲ್ಲ. ಸಮಯ ಉಳಿಸೋಕೆ ಎರಡು ಎಳೆ ಒಟ್ಟಿಗೆ ಹಿಡಿದು ನಂಬರ್ 5 ಕಡ್ಡಿಯಲ್ಲಿ 24 ಕುಣಿಕೆ ಹಾಕು. ಸುಮಾರು 390 ಸಾಲಿಗೆ 140 ಸೆಂ.ಮೀ. ಬರುತ್ತೆ. ಹನ್ನೆರಡು ಗಂಟೆಯ ಕೆಲಸ ಆರು ಚಿಲ್ಲರೆಗೆ ಇಳೀತು ನೋಡು. ಹೆಚ್ಚು ದಪ್ಪ, ಹೆಚ್ಚು ಬೆಚ್ಚಗೆ. ಹಾಸನದ ಹಗಲಿಗೆ ಅಷ್ಟು ಬೇಕಿಲ್ಲ, ಆದರೆ ಅಂಕಲ್ ಬೆಳಿಗ್ಗೆ ಐದಕ್ಕೇ ವಾಕಿಂಗ್ ಹೋಗುತ್ತಾರೆ ಅಂದಿದ್ದೆಯಲ್ಲ.

ಇದರಲ್ಲಿ ಎರಡು ತಪ್ಪು ಮರುಕಳಿಸುತ್ತವೆ. ಕಡ್ಡಿ ಎರಡು ಎಳೆಯಲ್ಲಿ ಒಂದನ್ನೇ ಹಿಡಿದುಬಿಡುತ್ತೆ, ಇನ್ನೊಂದು ಹಿಂದೆ ಜೋತುಬೀಳುತ್ತೆ. ಸಾಲಿನ ಮೊದಲಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತೆ, ಎರಡನ್ನೂ ಹೆಣೆದರೆ 24 ಇದ್ದದ್ದು 25, ಆಮೇಲೆ 26, ಮಫ್ಲರ್ ಹೋಗ್ತಾ ಹೋಗ್ತಾ ಅಗಲವಾಗುತ್ತೆ. ಇದಕ್ಕೆ ಮದ್ದು ಸುಲಭ. ನೂಲು ಮುಂದಿಟ್ಟುಕೊಂಡು ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ದಾಟಿಸು, ಆಮೇಲೆ ನೂಲು ಹಿಂದಕ್ಕೆ ತಂದು ನಿಟ್ ಮಾಡು. ಅಂಚೂ ಜಡೆಯಂತೆ ನೇರ ಬರುತ್ತೆ. ಇಪ್ಪತ್ತು ಸಾಲಿಗೊಮ್ಮೆ ಎಣಿಸಿ, ಅಲ್ಲೊಂದು ಪಿನ್ನು ಸಿಕ್ಕಿಸು. ಹೊಸ ಉಂಡೆ ಅಂಚಿನಲ್ಲೇ ಸೇರಿಸು, ನಡುವೆ ಬೇಡ. ಗಂಟು ಹಾಕಬೇಡ, ಇವತ್ತಲ್ಲ ನಾಳೆ ಮುಂದಕ್ಕೆ ತೂರಿ ಬರುತ್ತೆ. 15 ಸೆಂ.ಮೀ. ಬಾಲ ಬಿಟ್ಟು, ಮೊಂಡು ಸೂಜಿಯಲ್ಲಿ ಒಂದು ಕಡೆ ಹಾಯಿಸಿ, ಅದೇ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ತಾ.

ಕರೆಂಟ್ ಹೋದರೂ, ಟಿವಿ ನೋಡ್ತಾ ಇದ್ದರೂ ಕೈ ಓಡುವ ಕೆಲಸ ಇದು. ಶನಿವಾರ ಮಧ್ಯಾಹ್ನದ ಮೇಲೆ, ರಾತ್ರಿ, ಭಾನುವಾರ ಬೆಳಿಗ್ಗೆ ಇದಕ್ಕೇ ಇರಲಿ. ಸಾಲಿನ ಮಧ್ಯೆ ಎದ್ದು ಹೋಗಬೇಕಾಗಿ ಬಂದರೆ, ಕೂತಮೇಲೆ ಉಂಡೆಯ ನೂಲು ಬರುವ ಕಡ್ಡಿ ಬಲಗೈಯಲ್ಲಿರಲಿ. ಇಲ್ಲವಾದರೆ ಬಂದ ದಾರಿಗೇ ಹಿಂದಿರುಗಿ, ಒಂದು ಕಡೆ ಎರಡು ಸಾಲು ಹೆಚ್ಚಾಗಿಬಿಡುತ್ತೆ.

ಗ್ಲೌಸು ಸುಲಭ. ನಂಬರ್ 9ರಲ್ಲಿ 42 ಕುಣಿಕೆ, ಎರಡು ನಿಟ್ ಎರಡು ಪರ್ಲ್, 18 ಸೆಂ.ಮೀ., ಮುಚ್ಚುವಾಗ ನಂಬರ್ 8. ಇಂಥ ಎರಡು ತುಂಡು. ಬದಿ ಹೊಲಿಯುವಾಗ ಬೆರಳಿನ ಕಡೆಯಿಂದ 4 ಸೆಂ.ಮೀ. ಹೊಲಿದು, ಹೆಬ್ಬೆರಳಿಗೆ 5 ಬಿಟ್ಟು, ಉಳಿದದ್ದನ್ನು ಮಣಿಕಟ್ಟಿನವರೆಗೆ ಹೊಲಿ. ಎರಡು ತುಂಡನ್ನೂ ಒಂದೇ ದಿನ ಹೆಣೆ, ದಿನ ಬದಲಾದರೆ ಬಿಗಿ ಬದಲಾಗಿ ಒಂದು ಉದ್ದ, ಒಂದು ಗಿಡ್ಡ.

ಭಾನುವಾರ ಸಂಜೆ ಐದಕ್ಕೆ ಕಡ್ಡಿ ಕೆಳಗಿಡು, ಮುಗಿದಿರಲಿ ಬಿಡಲಿ. ತೊಳೆಯೋಕೆ, ಒಣಗೋಕೆ ಸಮಯ ಬೇಕು. ಉಗುರುಬೆಚ್ಚಗಿನ ನೀರಲ್ಲಿ ಚೂರು ಶಾಂಪೂ ಹಾಕಿ ನೆನೆಸು, ಉಜ್ಜಬೇಡ, ಹಿಂಡಬೇಡ. ಕುರಿ ಉಣ್ಣೆಯಾದರೆ ಬಿಸಿನೀರಲ್ಲಿ ತಿಕ್ಕಿದಾಗ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯಾಗಿ ಕುಗ್ಗುತ್ತೆ. ಟವೆಲಿನಲ್ಲಿ ಸುತ್ತಿ ಮೇಲಿಂದ ಒತ್ತಿ ನೀರು ತೆಗೆ, ಅಳತೆಗೆ ಎಳೆದು ಚಾಪೆಯ ಮೇಲೆ ಹರಡು. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಮಫ್ಲರ್ ಒಂದು ಗೇಣು ಉದ್ದವಾಗುತ್ತೆ. ಹೊರಗೆ ಬಿಟ್ಟರೆ ರಾತ್ರಿ ಇಬ್ಬನಿ ಹಿಡಿಯುತ್ತೆ. ಒಳಗೆ ಹರಡಿ, ಹಗಲು ಹತ್ತರ ಮೇಲೆ ನೆರಳಿಗೆ ತಾ. ಬಚ್ಚಲೊಲೆಯ ಹತ್ತಿರ ಬೇಡ, ಹೊಗೆ ವಾಸನೆ ಹಿಡಿದರೆ ಹೋಗಲ್ಲ. ಮಫ್ಲರ್ ಪೂರ್ತಿ ಒಣಗಲು ಎರಡು ದಿನ ಹಿಡಿದರೂ ಗುರುವಾರದ ಹಬ್ಬಕ್ಕೆ ಸಿಗುತ್ತೆ. ಉಲ್ಲನ್ನಿನ ಪಟ್ಟಿಯನ್ನೂ ಉಡುಗೊರೆ ಜೊತೆ ಇಡು, ಹೇಗೆ ತೊಳೆಯಬೇಕು ಅಂತ ಅವರಿಗೆ ಗೊತ್ತಾಗಲಿ.

ಸಂಕ್ರಾಂತಿಗೆ ಮಗುವಿನ ಕಾಲುಚೀಲ ಶುರು ಮಾಡುವಾಗ ಗುಂಡಿ, ಉದ್ದ ದಾರ, ರೋಮ ಉದುರುವ ಉಲ್ಲನ್ ಮೂರೂ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತೆ. ಅದರ ಲೆಕ್ಕ ಬೇರೆ ಕಾಗದದಲ್ಲಿ ಬರೀತೀನಿ.

ನಿನ್ನ ಹತ್ತಿರ ನಂಬರ್ 5 ಕಡ್ಡಿ ಇಲ್ಲದಿದ್ದರೆ ಗುರುವಾರದೊಳಗೆ ಫೋನ್ ಮಾಡು. ಶುಕ್ರವಾರ ಮಾಮ ಹಾಸನಕ್ಕೆ ಬರುತ್ತಾರೆ, ಕಾಫಿಪುಡಿಯ ಜೊತೆ ಅದನ್ನೂ ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ
ಅತ್ತೆ