ಅಪ್ಪ, ಸೈಟು ಮಾರಬೇಡಿ

ಡಬ್ಲಿನ್
ಐರ್ಲೆಂಡ್
ಭಾನುವಾರ ರಾತ್ರಿ

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಚಿನ್ನುವಿನ ಕೆಮ್ಮು ಹೋಯಿತು. ಪಾರ್ಸೆಲ್ ತಲುಪಿತು, ಏನೂ ಒಡೆದಿರಲಿಲ್ಲ.

ಅಪ್ಪ, ನಿಮ್ಮ ಕಾಗದ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೊದಲ ಪುಟದಲ್ಲಿ ‘ಅಲ್ಲಿ ಮನೆ ಬೆಲೆ ಇನ್ನೇನು ಬೀಳುತ್ತದಂತೆ, ಅವಸರ ಬೇಡ, ಕಾಯಿರಿ’ ಅಂತ ಬರೆದಿದ್ದೀರಿ. ಹಾಳೆ ಮಗುಚಿದರೆ ‘ಬ್ರೋಕರ್ ಸೈಟು ತೋರಿಸಲು ಇಬ್ಬರನ್ನು ಕರೆತಂದಿದ್ದ, ಒಳ್ಳೆ ರೇಟು ಹೇಳುತ್ತಿದ್ದಾರೆ, ಹಣವೆಲ್ಲ ನಿನಗೇ’ ಅಂತ ಇದೆ. ಬೀಳುತ್ತದೆ ಅನ್ನುವ ಮನೆ ಕೊಳ್ಳುವುದಕ್ಕೆ ಏರುತ್ತಿರುವ ಸೈಟು ಮಾರುತ್ತೀರಾ? ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ನೀವೇ ಅಲ್ವಾ?

ಬೀಳುತ್ತದೆ ಅಂದವರು ಸೀನು ಮಾವ ಅಂತ ನನಗೆ ಗೊತ್ತು. ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಈ ದೇಶದಲ್ಲಿ ಒಮ್ಮೆ ಬಿದ್ದಿತ್ತು, ಅದೂ ಅಂತಿಂಥ ಕುಸಿತವಲ್ಲ. 2007ರಲ್ಲಿ ಬೆಲೆ ತುದಿ ಮುಟ್ಟಿತ್ತು. 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂತು. ಮತ್ತೆ ಹಳೆಯ ಮಟ್ಟ ಮುಟ್ಟಲು 2022 ಆಯಿತು. ಹದಿನೈದು ವರ್ಷ!

ನಮ್ಮ ಪಕ್ಕದ ಮನೆ ಅಜ್ಜಿಯ ಮಗ 2006ರಲ್ಲಿ ಒಂದು ರೂಮಿನ ಅಪಾರ್ಟ್‌ಮೆಂಟ್ ಕೊಂಡನಂತೆ. ಬುಕಿಂಗಿಗೆ ಹಿಂದಿನ ರಾತ್ರಿಯೇ ಹೋಗಿ ಸಾಲಿನಲ್ಲಿ ಮಲಗಿದ್ದನಂತೆ. ಆಗ ಇಲ್ಲಿನ ಬ್ಯಾಂಕುಗಳು ನೂರಕ್ಕೆ ನೂರು ಸಾಲ ಕೊಡುತ್ತಿದ್ದವು, ಕೈಯಿಂದ ಒಂದು ಕಾಸೂ ಹಾಕದೆ ಮನೆ. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು, ಮನೆಯ ಬೆಲೆ ಸಾಲದ ಅರ್ಧಕ್ಕೆ ಬಂತು. ಮಾರಿದರೂ ಸಾಲ ತೀರುವುದಿಲ್ಲ. ಕೀಲಿಕೈ ಬ್ಯಾಂಕಿಗೆ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ, ಉಳಿದ ಸಾಲ ಬೆನ್ನಿಗೇ ಬರುತ್ತದೆ. ನಾಲ್ಕು ಜನ ಆ ಒಂದು ರೂಮಿನಲ್ಲೇ ಹತ್ತು ವರ್ಷ ಇದ್ದರಂತೆ. ಇದಕ್ಕೆ ನೆಗೆಟಿವ್ ಇಕ್ವಿಟಿ ಅಂತ ಹೆಸರು. ಅಜ್ಜಿ ಆ ಎರಡು ಪದವನ್ನು ಯಾವುದೋ ಕಾಯಿಲೆ ಹೆಸರು ಹೇಳುವ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ.

ಇದನ್ನೆಲ್ಲ ಬರೆದರೆ ನಿಮಗೆ ಇನ್ನೂ ಭಯ ಆಗುತ್ತದೆ. ಆದರೆ ಆಗ ಬಿದ್ದದ್ದು ಯಾಕೆ ಅಂತಲೂ ನೋಡಬೇಕಲ್ಲ. 2006ರಲ್ಲಿ ಈ ಪುಟ್ಟ ದೇಶದಲ್ಲಿ ಒಂದೇ ವರ್ಷಕ್ಕೆ 90 ಸಾವಿರದಷ್ಟು ಮನೆ ಕಟ್ಟಿದರು. ಜನರೇ ಇಲ್ಲದ ಲೀಟ್ರಿಮ್, ಲಾಂಗ್‌ಫರ್ಡ್ ಕಡೆ ಹುಲ್ಲುಗಾವಲಿನ ಮಧ್ಯೆ ಬಡಾವಣೆ ಎಬ್ಬಿಸಿದರು. 2010ರಲ್ಲಿ ಸರ್ಕಾರ ಎಣಿಸಿದಾಗ ಅರ್ಧಕ್ಕೆ ನಿಂತ ಬಡಾವಣೆಗಳೇ 2,800ಕ್ಕೂ ಹೆಚ್ಚು ಸಿಕ್ಕವು. ದೆವ್ವದ ಬಡಾವಣೆ ಅಂತಲೇ ಇಲ್ಲಿ ಕರೆಯುತ್ತಾರೆ. ಬೀದಿದೀಪ ಇದೆ, ರಸ್ತೆಗೆ ಹೆಸರಿದೆ, ಮನುಷ್ಯರಿಲ್ಲ. ಕೊನೆಗೆ ಬ್ಯಾಂಕುಗಳು ಮುಳುಗಿದವು, ಅವುಗಳ ಹಿಂದೆ ಸರ್ಕಾರವೂ ಸಾಲಕ್ಕಾಗಿ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಯಿತು.

ಈಗ ಪರಿಸ್ಥಿತಿ ತಿರುವುಮುರುವು. ಆ ಪೆಟ್ಟಿಗೆ ಬಿಲ್ಡರ್‌ಗಳು ದಿವಾಳಿಯಾದರು, ಗಾರೆಯವರು, ಬಡಗಿಗಳು ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟುಹೋದರು. 2013ರಲ್ಲಿ ಇಡೀ ದೇಶದಲ್ಲಿ ಐದು ಸಾವಿರ ಮನೆಯೂ ಏಳಲಿಲ್ಲ. 2024ರಲ್ಲೂ ಕಟ್ಟಿದ್ದು 30 ಸಾವಿರ ಚಿಲ್ಲರೆ. ಜನ ಮಾತ್ರ ಜಾಸ್ತಿ ಆಗುತ್ತಲೇ ಇದ್ದಾರೆ. 2022ರ ಜನಗಣತಿಯಲ್ಲಿ 50 ಲಕ್ಷ ದಾಟಿತು, 1851ರ ನಂತರ ಇದೇ ಮೊದಲು. ಅದರಲ್ಲಿ ನಾವು ಮೂರು ಜನರೂ ಸೇರಿದ್ದೇವೆ, ಬೇಕಾದರೆ ನಮ್ಮನ್ನೂ ಬೈಯಿರಿ.

ಬಡ್ಡಿ ಏರಿದರೆ ಬೀಳುತ್ತದೆ ಅಂತ 2022ರಲ್ಲಿ ನನ್ನ ಆಫೀಸಿನವರೆಲ್ಲ ಹೇಳಿದ್ದರು. ಯುರೋಪಿನ ಸೆಂಟ್ರಲ್ ಬ್ಯಾಂಕು ಆ ಜುಲೈನಿಂದ ಹದಿನಾಲ್ಕು ತಿಂಗಳಲ್ಲಿ ಹತ್ತು ಸಲ ಬಡ್ಡಿ ಏರಿಸಿತು. ನಾವೂ ಆಸೆಯಿಂದ ಕಾದೆವು. 2023ರಲ್ಲಿ ಡಬ್ಲಿನ್ ಬೆಲೆ ಒಂಚೂರು ಇಳಿಯಿತು, ನೂರಕ್ಕೆ ಎರಡರಷ್ಟು. ನಾವು ಇನ್ನೂ ಇಳಿಯಲಿ ಅಂತ ಸುಮ್ನೆ ಕೂತೆವು. ಅದು ಮತ್ತೆ ಏರಿಕೊಂಡು ಹೋಯಿತು. ಅವಸರ ಮಾಡಬೇಡಿ ಅನ್ನುತ್ತೀರಲ್ಲ ಅಪ್ಪ, ಅವಸರ ಮಾಡದೇ ಇದ್ದದ್ದೇ ನಮ್ಮ ತಪ್ಪು.

ಮತ್ತೆ ಬೀಳುವುದೇ ಇಲ್ಲವಾ ಅಂತ ಕೇಳಿದರೆ, ಬೀಳಬಹುದು. ಈ ದೇಶ ನಡೆಯುವುದು ಅಮೆರಿಕದ ಕಂಪನಿಗಳ ತೆರಿಗೆಯಿಂದ, ಅವು ಕೊಡುವ ಸಂಬಳದಿಂದ. ಆ ಕಂಪನಿಗಳು ಗಂಟುಮೂಟೆ ಕಟ್ಟಿದರೆ ಬೆಲೆ ಖಂಡಿತ ಇಳಿಯುತ್ತದೆ. ಆದರೆ ಅಪ್ಪ, ಇವರ ಕೆಲಸ ಇರುವುದೂ ಅಂಥದ್ದೇ ಕಂಪನಿಯಲ್ಲಿ. ಮನೆ ಅಗ್ಗವಾಗುವ ದಿನ ನಮಗೆ ಸಂಬಳ ಇರುವುದಿಲ್ಲ, ಸಂಬಳ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. 2012ರಲ್ಲಿ ಮನೆ ಅರ್ಧ ಬೆಲೆಗೆ ಬಿದ್ದಿದ್ದಾಗ ಅಜ್ಜಿಯ ಇನ್ನೊಬ್ಬ ಮಗ ಪರ್ತ್‌ನಲ್ಲಿ ಇಟ್ಟಿಗೆ ಹೊರುತ್ತಿದ್ದ. ಆಗ ಕೊಂಡವರು ಕೈಯಲ್ಲಿ ನಗದು ಇದ್ದವರು. ನಾವು ಆ ಪೈಕಿ ಅಲ್ಲ.

(ಅಂದಹಾಗೆ ಇವರ ಕೆಲಸಕ್ಕೆ ಏನೂ ಆಗಿಲ್ಲ. ಸುಮ್ನೆ ಉದಾಹರಣೆಗೆ ಬರೆದೆ.)

ಈಗ ಸೈಟಿನ ಹಣದ ವಿಷಯ. ಇಲ್ಲಿ ಮನೆ ಮಾರುವ ರೀತಿ ನಿಮಗೆ ತಿಳಿದರೆ ನೀವೇ ಬೇಡ ಅನ್ನುತ್ತೀರಿ. ಬೋರ್ಡಿನಲ್ಲಿ ಹಾಕುವ ಬೆಲೆ ಬರೀ ಕರೆಯೋಲೆ ಇದ್ದ ಹಾಗೆ. ಕಳೆದ ತಿಂಗಳು ಲೂಕನ್‌ನಲ್ಲಿ ಒಂದು ಮನೆ ನೋಡಿದೆವು. ಮೂರು ರೂಮು, 3,95,000 ಯೂರೋ ಅಂತ ಹಾಕಿದ್ದರು. ಶನಿವಾರ ತೋರಿಸುವ ಅರ್ಧ ಗಂಟೆಯಲ್ಲಿ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಇರಲಿಲ್ಲ. ಸೋಮವಾರದಿಂದ ಏಜೆಂಟ್ ಫೋನು ಶುರು. ‘ಇನ್ನೊಬ್ಬರು ಐದು ಸಾವಿರ ಏರಿಸಿದ್ದಾರೆ, ನೀವು?’ ನಮ್ಮೂರ ದೇವಸ್ಥಾನದ ಹರಾಜಿನಲ್ಲಾದರೂ ಸವಾಲು ಕೂಗುವವನ ಮುಖ ಕಾಣುತ್ತದೆ. ಇಲ್ಲಿ ಆ ಇನ್ನೊಬ್ಬರು ಯಾರು ಅಂತಲೇ ಗೊತ್ತಾಗುವುದಿಲ್ಲ. ನಾನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಪಿಸುದನಿಯಲ್ಲಿ ಐದು ಸಾವಿರ, ಐದು ಸಾವಿರ ಅಂತ ಕೂಗಿದ್ದೇ ಕೂಗಿದ್ದು. ಗುರುವಾರ 4,50,000ಕ್ಕೆ ನಿಲ್ಲಿಸಿದೆ. 4,61,000ಕ್ಕೆ ಹೋಯಿತು. ಇದು ಮೂರನೆಯದು.

4,50,000ಕ್ಕೆ ಯಾಕೆ ನಿಲ್ಲಿಸಿದೆ ಅಂದರೆ, ಇಲ್ಲಿನ ಸೆಂಟ್ರಲ್ ಬ್ಯಾಂಕು ಸೋತು ಬುದ್ಧಿ ಕಲಿತು 2015ರಲ್ಲಿ ಒಂದು ನಿಯಮ ಮಾಡಿದೆ. ಮೊದಲ ಮನೆಗೆ ಈಗ ವರ್ಷದ ಸಂಬಳದ ನಾಲ್ಕು ಪಟ್ಟು ಮಾತ್ರ ಸಾಲ. ನಮ್ಮಿಬ್ಬರದೂ ಸೇರಿ 1,02,000, ಅಂದರೆ 4,08,000 ಸಾಲ. ಬೆಲೆಯ ನೂರಕ್ಕೆ ಹತ್ತು ನಾವೇ ಹಾಕಬೇಕು, ಅಷ್ಟು ಕೂಡಿಟ್ಟಿದ್ದೇವೆ. ಅದರ ಮೇಲೆ ಸವಾಲಿನಲ್ಲಿ ಏರುವುದೆಲ್ಲ ಕೈಯಿಂದಲೇ ಹೋಗಬೇಕು. ಎಲ್ಲರದೂ ಇದೇ ಗತಿ, ಅದಕ್ಕೇ ಎಲ್ಲರೂ ಅಪ್ಪ ಅಮ್ಮನ ಹತ್ತಿರ ಕೈಯೊಡ್ಡುತ್ತಾರೆ. ನೀವು ಸೈಟು ಮಾರಿ ಕಳಿಸಿದರೆ ಆ ಕಾಣದ ‘ಇನ್ನೊಬ್ಬರ’ ಅಪ್ಪನೂ ಏನೋ ಮಾರಿ ಕಳಿಸುತ್ತಾರೆ. ಅದೇ ಮನೆ, ಅದೇ ಮೂರು ರೂಮು, ಬೆಲೆ ಮಾತ್ರ ಮೇಲೆ. ನಮ್ಮ ಸೈಟು ಹೋಗಿ ಸೇರುವುದು ಮಾರುವವನ ಜೇಬಿಗೆ.

ಇನ್ನೊಂದು ತಮಾಷೆ. ತಂದೆ ತಾಯಿ ಹಣ ಕೊಟ್ಟರೆ ಬ್ಯಾಂಕು ಒಂದು ಪತ್ರಕ್ಕೆ ಸಹಿ ಕೇಳುತ್ತದೆ. ಈ ಹಣ ವಾಪಸ್ ಕೇಳುವುದಿಲ್ಲ, ಮನೆಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಂತ. ಮಗಳ ಮನೆಯ ಮೇಲೆ ಹಕ್ಕಿಲ್ಲ ಅಂತ ನಿಮ್ಮ ಕೈಯಲ್ಲಿ ಬರೆಸಿಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ.

ಸೀನು ಮಾವ ಹೇಳಿದ ಹಾಗೆ ಪುಟ್ಟನ ಜೊತೆ ಜಂಟಿಯಾಗಿ ಬೆಂಗಳೂರಿನಲ್ಲಿ ಫ್ಲಾಟ್ ತೆಗೆದುಕೊಳ್ಳುವುದೂ ಬೇಡ. ಇಲ್ಲಿ ಹೊಸದಾಗಿ ಕಟ್ಟಿದ ಮನೆ ಕೊಂಡರೆ, ಬೆಲೆ ಐದು ಲಕ್ಷದೊಳಗಿದ್ದರೆ, ನಾವು ಕಟ್ಟಿದ ಆದಾಯ ತೆರಿಗೆಯಲ್ಲಿ 30 ಸಾವಿರ ಯೂರೋವರೆಗೆ ಸರ್ಕಾರ ವಾಪಸ್ ಕೊಡುತ್ತದೆ. ಆದರೆ ಯಾವ ದೇಶದಲ್ಲೇ ಆಗಲಿ, ಮೊದಲೇ ಒಂದು ಮನೆ ಕೊಂಡಿದ್ದರೆ ಇಲ್ಲ. ಅವರ ಸಲಹೆ ಕೇಳಿದ್ದರೆ 30 ಸಾವಿರಕ್ಕೆ ನಾಮ ಬೀಳುತ್ತಿತ್ತು. ಇದನ್ನು ಮಾವನಿಗೆ ಓದಿ ಹೇಳಿ, ಮೆತ್ತಗೆ.

ಅಮ್ಮ ಬಾಗಿಲು ಯಾವ ದಿಕ್ಕಿಗೆ ಅಂತ ಕೇಳಿದ್ದಳು. ಇಲ್ಲಿ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದೇ ‘ದಕ್ಷಿಣಕ್ಕೆ ಮುಖ ಮಾಡಿದ ಹಿತ್ತಲು’ ಅಂತ. ಅದಕ್ಕೆ ಬೆಲೆಯೂ ಜಾಸ್ತಿ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು ನೋಡು, ಸೂರ್ಯ ದಕ್ಷಿಣದಲ್ಲೇ ತೆವಳಿಕೊಂಡು ಹೋಗುತ್ತಾನೆ, ಬಿಸಿಲು ಸಿಗುವುದು ಆ ಕಡೆಗೆ ಮಾತ್ರ. ಅಮ್ಮ, ಯಮನ ದಿಕ್ಕು ಅಂತ ಗಾಬರಿ ಬೀಳಬೇಡ. ಹಿತ್ತಲು ದಕ್ಷಿಣಕ್ಕಿದ್ದರೆ ಮುಂಬಾಗಿಲು ಉತ್ತರಕ್ಕೆ. ಕುಬೇರ ಈ ಕಡೆಯಿಂದಲೇ ಬರಬೇಕು. ಇನ್ನೂ ಬಂದಿಲ್ಲ ಅಷ್ಟೆ.

ಒಂದು ವಿಷಯ ಹೇಳಬಾರದು ಅಂತಿದ್ದೆ. ಪುಟ್ಟ ಹೇಗೂ ಬಾಯಿಬಿಡುತ್ತಾನೆ, ನಾನೇ ಬರೆಯುತ್ತೇನೆ. ನಾವಿರುವ ಮನೆಯ ಓನರ್ ನೋಟಿಸ್ ಕೊಟ್ಟಿದ್ದಾರೆ. ಅವರೂ ಮಾರುತ್ತಾರಂತೆ, ರೇಟು ಚೆನ್ನಾಗಿದೆಯಲ್ಲ. ದಯವಿಟ್ಟು ಗಾಬರಿಯಾಗಬೇಡಿ. ಇಲ್ಲಿ ಹಾಗೆ ರಾತ್ರೋರಾತ್ರಿ ಹೊರಗೆ ಹಾಕುವುದಿಲ್ಲ. ನಮ್ಮ ಹಾಗೆ ಐದು ವರ್ಷ ಇದ್ದವರಿಗೆ ಕಾನೂನಿನಲ್ಲಿ 180 ದಿನ ಇದೆ. ಅದರಲ್ಲಿ 31 ಕಳೆದಿವೆ. ಚಿನ್ನುವಿನ ಶಾಲೆ ಹತ್ತಿರವೇ ಏನಾದರೂ ಸಿಗುತ್ತದೆ. ಸಿಗದಿದ್ದರೆ ಸ್ವಲ್ಪ ದೂರ. ಇವರು ಆರಾಮಾಗಿದ್ದಾರೆ. ನಾನೂ ಆರಾಮಾಗಿದ್ದೇನೆ. ನಿದ್ದೆ ಬರಲಿಲ್ಲ ಅಂತ ಮೇಲೆ ಬರೆದದ್ದು ಎರಡೇ ರಾತ್ರಿ, ಈಗ ಬರುತ್ತಿದೆ.

ಕಿಲ್ಡೇರ್ ಕಡೆ ಒಂದು ಹೊಸ ಮನೆ ನೋಡಿದ್ದೇವೆ. ಹೊಸದಕ್ಕೆ ಸವಾಲಿಲ್ಲ, ಹಾಕಿದ ಬೆಲೆಯೇ ಬೆಲೆ. ರೈಲಿನಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಆಗುತ್ತದೆ. ಆಗಲಿ. ಕೊಂಡ ಮೇಲೆ ಬೆಲೆ ಬಿದ್ದರೆ ಬೀಳಲಿ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಮಾರುವ ಯೋಚನೆ ಇಲ್ಲದವರಿಗೆ ಬೆಲೆಗಿಂತ ಕಂತು ಮುಖ್ಯ. ಒಬ್ಬರ ಸಂಬಳದಲ್ಲೇ ಕಂತು ಕಟ್ಟಲು ಆಗುತ್ತದಾ ಅಂತ ಮೂರು ಸಲ ಲೆಕ್ಕ ಹಾಕಿದ್ದೇವೆ. ಆಗುತ್ತದೆ, ಬಿಗಿಯಾಗಿ.

ಆ ಸೈಟು ತೆಗೆದುಕೊಂಡದ್ದು ಅಮ್ಮನಿಗೆ ಮೆಟ್ಟಿಲಿಲ್ಲದ ಮನೆ ಕಟ್ಟಿಸಲು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾಳಲ್ಲ, ವಿಡಿಯೋ ಕಾಲಿನಲ್ಲಿ ಹಿಂದಿನಿಂದ ಕಾಣುತ್ತದೆ. ನೀವು ಫೋನು ಬೇರೆ ಕಡೆ ತಿರುಗಿಸುತ್ತೀರಿ, ಆದರೂ ಕಾಣುತ್ತದೆ.

ಇಲ್ಲಿ ಹನ್ನೆರಡು ಹೊಡೆಯಿತು. ಕಸದ ಡಬ್ಬಿ ಹೊರಗಿಡಬೇಕು, ಬೆಳಿಗ್ಗೆ ಆರಕ್ಕೇ ಲಾರಿ ಬರುತ್ತದೆ. ಮಾತ್ರೆ ತಪ್ಪಿಸಬೇಡಿ. ಬ್ರೋಕರ್‌ನಿಂದ ಅಡ್ವಾನ್ಸ್ ಏನಾದರೂ ತೆಗೆದುಕೊಂಡಿದ್ದರೆ ನಾಳೆಯೇ ವಾಪಸ್ ಕೊಟ್ಟು ನನಗೆ ಒಂದು ಮಿಸ್ಡ್ ಕಾಲ್ ಕೊಡಿ, ಸಾಕು.

ಇಂತಿ ನಿಮ್ಮ ಮಗಳು
ಸುಮಿ