ಆ ನಲವತ್ತೆಂಟು ನಿಮಿಷಗಳ ಲೆಕ್ಕ ಕೊಡಿ

ಗೆ,
ಮುಖ್ಯಸ್ಥರು,
ಗ್ರಾಹಕರ ದೂರು ವಿಭಾಗ

ವಿಷಯ: ಕಳೆದ ತಿಂಗಳ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಸೇರಿಸಿರುವ ಹೆಚ್ಚುವರಿ ಡೇಟಾ ಶುಲ್ಕವನ್ನು ಒಪ್ಪದಿರುವ ಬಗ್ಗೆ.

ಮಾನ್ಯರೇ,

ಹನ್ನೊಂದು ವರ್ಷಗಳಿಂದ ನಾನು ನಿಮ್ಮ ಸಂಸ್ಥೆಯ ಗ್ರಾಹಕಿ. ಈ ಅವಧಿಯಲ್ಲಿ ಒಂದು ಬಿಲ್ಲನ್ನೂ ಕೊನೆಯ ದಿನ ದಾಟಿಸಿ ಕಟ್ಟಿದವಳಲ್ಲ. ಈ ಸಲ ಬಂದಿರುವ ಬಿಲ್ಲು ನಾನು ಪ್ರತಿ ತಿಂಗಳು ಕಟ್ಟುವ ಮೊತ್ತದ ಆರು ಪಟ್ಟು ಇದೆ. ಸಹಾಯವಾಣಿಗೆ ನಾಲ್ಕು ಬಾರಿ ಕರೆ ಮಾಡಿದೆ. ನಾಲ್ಕು ಬಾರಿಯೂ ಒಂದೊಂದು ದೂರು ಸಂಖ್ಯೆ ಕೊಟ್ಟರು, ನಾಲ್ಕು ಬಾರಿಯೂ ಎರಡು ದಿನ ಕಳೆಯುವಷ್ಟರಲ್ಲಿ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ಬಿಲ್ಲು ಮಾತ್ರ ಇದ್ದ ಹಾಗೆಯೇ ಇದೆ. ಆದ್ದರಿಂದ ಬಾಯಿಮಾತನ್ನು ಬಿಟ್ಟು ಬರವಣಿಗೆಯಲ್ಲಿ ಹೇಳುತ್ತಿದ್ದೇನೆ.

ನನ್ನ ಪ್ಲಾನ್‌ನಲ್ಲಿ ತಿಂಗಳಿಗೆ 30 ಜಿಬಿ ಡೇಟಾ ಇದೆ. ನಾನು 41.3 ಜಿಬಿ ಬಳಸಿದ್ದೇನೆ ಎಂದು ಬಿಲ್ಲು ಹೇಳುತ್ತದೆ. ದಿನವಾರು ವಿವರ ಕೇಳಿ ಪಡೆದು ನೋಡಿದಾಗ, 17ನೇ ತಾರೀಖಿನ ರಾತ್ರಿ 2:10ರಿಂದ 2:58ರವರೆಗಿನ ಒಂದೇ ಸಾಲಿನಲ್ಲಿ 21.4 ಜಿಬಿ ನಮೂದಾಗಿತ್ತು. ಆ ಹೊತ್ತಿನಲ್ಲಿ ನನ್ನ ಫೋನು ಮೊಬೈಲ್ ಡೇಟಾ ಆಫ್ ಆಗಿ, ಮನೆಯ ವೈಫೈಗೆ ಜೋಡಿಕೊಂಡು, ಚಾರ್ಜಿಗೆ ಹಾಕಿದ ಜಾಗದಲ್ಲಿತ್ತು. ರಾತ್ರಿ 9:40ರಿಂದ ಬೆಳಿಗ್ಗೆ 6:15ರವರೆಗೆ ಅದು ವೈಫೈಯಲ್ಲೇ ಇತ್ತೆಂಬುದು ರೂಟರಿನ ಲಾಗ್‌ನಲ್ಲಿ ದಾಖಲಾಗಿದೆ. ಅದರ ಪ್ರತಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ತಪ್ಪು ನನ್ನದೇ ಇರಬಹುದು ಎಂದುಕೊಂಡೇ ನಾನು ಹುಡುಕಲು ಶುರುಮಾಡಿದ್ದು. ವೈಫೈ ದುರ್ಬಲವಾದಾಗ ಫೋನು ತಾನಾಗಿ ಮೊಬೈಲ್ ಡೇಟಾಗೆ ಬದಲಾಗುವ ಸೆಟ್ಟಿಂಗ್ ಇರುತ್ತದೆಂದು ತಿಳಿದು ಅದನ್ನು ನೋಡಿದೆ. ಅದು ಆಫ್ ಇತ್ತು. ಹಾಟ್‌ಸ್ಪಾಟ್ ನೋಡಿದೆ, ಇಡೀ ತಿಂಗಳು ಅದರಿಂದ ಒಂದು ಎಂಬಿಯೂ ಹೋಗಿಲ್ಲ. ಆ್ಯಪ್‌ಗಳ ಅಪ್‌ಡೇಟ್ ವೈಫೈಯಲ್ಲಿ ಮಾತ್ರ ಆಗುವಂತೆ ಇದೆ. ದೀರ್ಘಕಾಲ ತೆರೆದಿರುವ ಸೆಷನ್ನಿನ, ಅಂದರೆ ಒಮ್ಮೆ ಜೋಡಿಕೊಂಡ ಡೇಟಾ ಸಂಪರ್ಕದ ಬಳಕೆ ಸ್ವಲ್ಪ ತಡವಾಗಿ ದಾಖಲಾಗಬಹುದು, ಹಾಗಾಗಿ ಬಿಲ್ಲಿನಲ್ಲಿರುವ ಹೊತ್ತು ನಿಜವಾಗಿ ಬಳಸಿದ ಹೊತ್ತೇ ಆಗಿರಬೇಕೆಂದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಹಾಗೆ ಬೇರೆ ದಿನಗಳ ಬಳಕೆ ಆ ರಾತ್ರಿಯ ಲೆಕ್ಕಕ್ಕೆ ಬಂದಿದ್ದರೆ, ಇಡೀ ತಿಂಗಳ ಮೊತ್ತದಲ್ಲಾದರೂ ಅದು ಕಾಣಬೇಕಿತ್ತು. ನಿಮ್ಮ ಬಿಲ್ಲಿನ ಅವಧಿಗೇ ಸರಿಹೊಂದಿಸಿ ನೋಡಿದರೂ ನನ್ನ ಫೋನಿನ ಮೀಟರು 18.6 ಜಿಬಿ ಮಾತ್ರ ತೋರಿಸುತ್ತದೆ.

ಇನ್ನೊಂದು ವಿಷಯಕ್ಕೆ ನಿಮ್ಮ ಗಮನ ಸೆಳೆಯುತ್ತೇನೆ. ಒಂದು ಜಿಬಿಯನ್ನು 1024 ಎಂಬಿ ಎಂದು ಎಣಿಸುವ ಕ್ರಮವೂ ಇದೆ, 1000 ಎಂಬಿ ಎಂದು ಎಣಿಸುವ ಕ್ರಮವೂ ಇದೆ. ಬೈಟುಗಳಿಗೆ ಇಳಿಸಿ ನೋಡಿದರೆ ಇವೆರಡರ ನಡುವೆ ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆ. ನನ್ನ ಫೋನು ಮೊದಲನೆಯ ಕ್ರಮದಲ್ಲಿ, ನೀವು ಎರಡನೆಯದರಲ್ಲಿ ಎಣಿಸಿದ್ದೀರಿ ಎಂದಿಟ್ಟುಕೊಂಡರೆ ನನ್ನ 18.6 ನಿಮ್ಮ ಲೆಕ್ಕದಲ್ಲಿ ಸುಮಾರು 20 ಆಗುತ್ತದೆ. ಈಗ ನಿಮ್ಮ 41.3ರಿಂದ ಆ ಒಂದು ಸಾಲಿನ 21.4 ಅನ್ನು ಕಳೆಯಿರಿ. ಉಳಿಯುವುದು 19.9. ಎರಡು ಲೆಕ್ಕಗಳೂ ಕೂಡಿಬರುತ್ತವೆ, ಆ ಒಂದು ಸಾಲು ಮಾತ್ರ ಹೊರಗುಳಿಯುತ್ತದೆ. ನಲವತ್ತೆಂಟು ನಿಮಿಷದಲ್ಲಿ 21.4 ಜಿಬಿ ಇಳಿಯಬೇಕಾದರೆ ಸೆಕೆಂಡಿಗೆ 59 ಮೆಗಾಬಿಟ್‌ಗಿಂತ ಹೆಚ್ಚಿನ ವೇಗ ಒಂದು ಕ್ಷಣವೂ ಬಿಡದೆ ಸಿಗಬೇಕು. ನಮ್ಮ ಮನೆಯಲ್ಲಿ ನಿಮ್ಮ ಸಿಗ್ನಲ್ಲಿಗೆ ಸಿಗುವ ವೇಗವನ್ನು ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಅಳೆದಿದ್ದೇನೆ. ಒಮ್ಮೆಯೂ ಅದು 12 ಮೆಗಾಬಿಟ್ ದಾಟಲಿಲ್ಲ. ಆ ವೇಗದಲ್ಲಿ ಅಷ್ಟು ಹೊತ್ತಿಗೆ 4.3 ಜಿಬಿಯಷ್ಟೇ ಇಳಿಯಲು ಸಾಧ್ಯ.

ಮಿತಿ ಮುಗಿಯುತ್ತ ಬಂದಾಗ ಎಚ್ಚರಿಕೆಯ ಸಂದೇಶ ಕಳುಹಿಸುವ ಬಗ್ಗೆ, ಮಿತಿ ಮೀರಿದ ಮೇಲೆ ಗ್ರಾಹಕರ ಒಪ್ಪಿಗೆ ಪಡೆಯುವ ಬಗ್ಗೆ ನಿಮ್ಮದೇ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ನಾನು ನಿಮಗೆ ನೆನಪಿಸಬೇಕಾಗಿಲ್ಲ. ನನಗೆ ಒಂದು ಸಂದೇಶವೂ ಬಂದಿಲ್ಲ. ಯಾರೂ ನನ್ನ ಒಪ್ಪಿಗೆ ಕೇಳಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಇಲ್ಲಿಗೆ ಮುಗಿಯುತ್ತಿತ್ತು. ಕಳೆದ ಶನಿವಾರ ನಿಮ್ಮ ಸೇವಾ ಕೇಂದ್ರದಲ್ಲಿ ನಡೆದದ್ದನ್ನು ಹೇಳದೆ ಮುಗಿಸಲು ನನ್ನಿಂದ ಆಗುವುದಿಲ್ಲ.

ಅಂದು ನನ್ನ ಹದಿನೈದು ವರ್ಷದ ಮಗನೂ ಜೊತೆಗಿದ್ದ. ಒಂದು ಗಂಟೆ ಹತ್ತು ನಿಮಿಷ ಕಾದ ಮೇಲೆ ನಮ್ಮ ಟೋಕನ್ ಸಂಖ್ಯೆ 64 ಅನ್ನು ಕೂಗಿದರು. ಮೂರನೇ ಕೌಂಟರಿನಲ್ಲಿದ್ದ ಯುವಕ ನಾನು ತಂದಿದ್ದ ಕಾಗದಗಳನ್ನು ಮುಟ್ಟಲಿಲ್ಲ. ಕಂಪ್ಯೂಟರನ್ನು ನೋಡುತ್ತಲೇ, "ಸಿಸ್ಟಮ್‌ನಲ್ಲಿ ಬಂದಿದೆ ಅಂದರೆ ಬಳಸಿದ್ದೀರಿ ಅಂತಲೇ ಅರ್ಥ ಮೇಡಂ" ಎಂದ. ಫೋನಿನ ಮೀಟರನ್ನು ತೋರಿಸಿದೆ. "ಕಂಪನಿ ಲೆಕ್ಕಕ್ಕೂ ಫೋನಿನ ಲೆಕ್ಕಕ್ಕೂ ವ್ಯತ್ಯಾಸ ಇರಬಹುದು ಅಂತ ನಿಮ್ಮ ಫೋನಿನಲ್ಲೇ ಬರೆದಿದೆಯಲ್ಲ, ಓದಿಲ್ಲವಾ?" ಎಂದ. ಓದಿದ್ದೇನೆ, ವ್ಯತ್ಯಾಸ ಇರಬಹುದು, ಆದರೆ ಎರಡು ಪಟ್ಟು ಹೇಗೆ ಬರುತ್ತದೆ ಎಂದು ಕೇಳಿದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ. "ಮನೆಯಲ್ಲಿ ಯಾರ್ಯಾರಿದ್ದೀರಿ?" ಎಂದು ಕೇಳಿದ. ನಾನು ಮತ್ತು ನನ್ನ ಮಗ ಎಂದೆ. ಆಗ ಮೊದಲ ಬಾರಿಗೆ ತಲೆಯೆತ್ತಿ, ನನ್ನನ್ನು ಬಿಟ್ಟು ನನ್ನ ಪಕ್ಕದಲ್ಲಿ ನಿಂತಿದ್ದವನನ್ನು ಮೇಲಿಂದ ಕೆಳಗೆ ನೋಡಿ, "ಇವನೇನಾ?" ಎಂದ. ಆಮೇಲೆ ಹಿಂದೆ ಸಾಲಿನಲ್ಲಿದ್ದವರಿಗೂ ಕೇಳುವ ಹಾಗೆ, "ರಾತ್ರಿ ಎರಡು ಗಂಟೆಗೆ ಈ ವಯಸ್ಸಿನ ಹುಡುಗರು ಏನು ನೋಡುತ್ತಾರೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ ಮೇಡಂ?" ಎಂದ. ಯಾರೋ ನಕ್ಕರು. ಪಕ್ಕದ ಕೌಂಟರಿನವರೂ ತಿರುಗಿ ನೋಡಿ ನಕ್ಕರು. "ಮನೆಗೆ ಹೋಗಿ ನಿಧಾನವಾಗಿ ಅವನನ್ನೇ ಕೇಳಿ" ಎಂದು ಹೇಳಿ 65ನೇ ಸಂಖ್ಯೆಯನ್ನು ಕರೆದ.

ನನಗೆ ಮಾತು ಹೊರಡಲಿಲ್ಲ. ಮಗ ತಲೆ ತಗ್ಗಿಸಿಕೊಂಡು ಕಾಗದಗಳನ್ನು ಒಂದೊಂದಾಗಿ ಜೋಡಿಸಿ ಕವರಿಗೆ ಹಾಕಿದ. ಮನೆಗೆ ಬಂದ ಮೇಲೆ ನಾನು ಕೇಳಿಯೇಬಿಟ್ಟೆ: "ನಿಜ ಹೇಳು, ನೀನೇನಾ?" ಅವನು "ಇಲ್ಲಮ್ಮ" ಎಂದಷ್ಟೇ ಹೇಳಿ ಎದ್ದು ಹೋದ. ರೂಟರಿನ ಲಾಗ್ ತೆಗೆಯುವುದು ಹೇಗೆಂದು ಹುಡುಕಿ, ಮರುದಿನ ಅದನ್ನು ತಂದು ನನ್ನ ಮುಂದಿಟ್ಟವನು ಅವನೇ. ತಾನು ನಿರಪರಾಧಿ ಎಂದು ತಾಯಿಗೆ ಕಾಗದದಲ್ಲಿ ತೋರಿಸಬೇಕಾದ ಸ್ಥಿತಿಗೆ ನನ್ನ ಮಗ ಬಂದದ್ದು ನಿಮ್ಮ ಸಿಬ್ಬಂದಿಯ ಒಂದು ಮಾತಿನಿಂದ ಮತ್ತು ಆ ಮಾತಿಗೆ ಕಿವಿಗೊಟ್ಟ ನನ್ನಿಂದ. ನನ್ನ ಪಾಲಿನ ತಪ್ಪಿಗೆ ನಾನು ಅವನ ಕ್ಷಮೆ ಕೇಳಿದ್ದೇನೆ. ನಿಮ್ಮ ಪಾಲಿನದು ಇನ್ನೂ ಬಾಕಿ ಇದೆ.

ಆ ನಲವತ್ತೆಂಟು ನಿಮಿಷಗಳ ಮೂಲ ದಾಖಲೆ ನನಗೆ ಬೇಕು. ಸೆಷನ್ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಯಾವ ಟವರಿನಿಂದ ಬಂತು, ಯಾವ ಐಎಂಇಐ ಸಂಖ್ಯೆಯ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಫೋನಿನಿಂದ ಬಂತು ಎಂಬುದು ಅದರಲ್ಲಿರಬೇಕು. ನನ್ನ ಫೋನಿನ ಹದಿನೈದು ಅಂಕಿಗಳ ಐಎಂಇಐ ನಿಮ್ಮ ಬಳಿ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಒಬ್ಬರಿಗೆ ಐದು ನಿಮಿಷ ಸಾಕು. ಐದು ವಾರಗಳಲ್ಲಿ ನಿಮ್ಮಲ್ಲಿ ಯಾರೂ ಆ ಐದು ನಿಮಿಷ ಕೊಡಲಿಲ್ಲ. ನನ್ನ ಮಗನ ಮೇಲೆ ಆರೋಪ ಹೊರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ನನ್ನ ಪ್ಲಾನಿನ ಮಾಮೂಲು ಮೊತ್ತವನ್ನು ಇಂದೇ ಕಟ್ಟಿದ್ದೇನೆ, ರಸೀದಿ ಲಗತ್ತಿಸಿದೆ. ಹೆಚ್ಚುವರಿ ಶುಲ್ಕದ ಒಂದು ಕಾಸನ್ನೂ ಕಟ್ಟುವುದಿಲ್ಲ. ವಿವಾದ ಇತ್ಯರ್ಥವಾಗುವ ಮುನ್ನ ನನ್ನ ಸಂಪರ್ಕ ಕಡಿತಗೊಳಿಸಿದರೆ ಅಥವಾ ವಸೂಲಿಯವರಿಂದ ಒಂದೇ ಒಂದು ಕರೆ ಮಾಡಿಸಿದರೆ, ಆ ಕರೆಯ ದಿನಾಂಕ ಮತ್ತು ಹೊತ್ತು ಕೂಡ ಈ ಕಡತಕ್ಕೆ ಸೇರುತ್ತದೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಮೂಲ ದಾಖಲೆ, ತಿದ್ದಿದ ಬಿಲ್ಲು ಮತ್ತು ನನ್ನ ಮಗನ ಹೆಸರಿಗೇ ಬರೆದ ಕ್ಷಮಾಪಣೆಯ ಪತ್ರ ಈ ಮೂರೂ ಬರದಿದ್ದರೆ, ಹದಿನಾರನೇ ದಿನ ಬೆಳಿಗ್ಗೆ ಗ್ರಾಹಕ ನ್ಯಾಯಾಲಯಕ್ಕೆ ದೂರು ಸಲ್ಲಿಸುತ್ತೇನೆ. ಶನಿವಾರದಂದು ಮೂರನೇ ಕೌಂಟರಿನ ಮೇಲಿದ್ದ ಕ್ಯಾಮೆರಾದ ದೃಶ್ಯವನ್ನು ಹಾಜರುಪಡಿಸುವಂತೆ ಅಲ್ಲಿ ಕೋರುತ್ತೇನೆ. ಆದ್ದರಿಂದ ಅದನ್ನು ಅಳಿಸದೆ ಕಾಪಾಡಿಡಬೇಕೆಂದು ಈ ಪತ್ರದ ಮೂಲಕವೇ ತಿಳಿಸಿದ್ದೇನೆ. ಮುಂದೆ ಅದು ಸಿಗುತ್ತಿಲ್ಲ ಎಂಬ ಉತ್ತರ ಬಂದರೆ, ಏಕೆ ಸಿಗುತ್ತಿಲ್ಲ ಎಂದು ನೀವು ನ್ಯಾಯಾಧೀಶರ ಮುಂದೆ ನಿಂತು ಹೇಳಬೇಕಾಗುತ್ತದೆ. ಅಂದು ನನ್ನ ಮಗನೂ ನನ್ನ ಪಕ್ಕದಲ್ಲಿ ನಿಂತಿರುತ್ತಾನೆ.

ಇಂತಿ,
ಹನ್ನೊಂದು ವರ್ಷಗಳಿಂದ ನಿಮ್ಮ ಗ್ರಾಹಕಿ

ಲಗತ್ತುಗಳು: ದಿನವಾರು ವಿವರವಿರುವ ಬಿಲ್ಲು, ಫೋನಿನ ಡೇಟಾ ಮೀಟರಿನ ಸ್ಕ್ರೀನ್‌ಶಾಟ್, ರೂಟರಿನ ಲಾಗ್, ವೇಗ ಅಳೆದ ಪಟ್ಟಿ, ನಾಲ್ಕು ದೂರು ಸಂಖ್ಯೆಗಳು, ಪಾವತಿಯ ರಸೀದಿ, ಟೋಕನ್ ಚೀಟಿ.