ಬೀರೂರಿನ ನಿಲುಗಡೆಯನ್ನು ಟಿಕೆಟ್ ಕೌಂಟರಿನಿಂದ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಕಡೂರಿನಲ್ಲಿ ನಿಂತು ಹೊರಟ ರೈಲು ಆರೇಳು ಕಿಲೋಮೀಟರ್ ದೂರದ ಬೀರೂರಿನಲ್ಲಿ ಮತ್ತೆ ಯಾಕೆ ನಿಲ್ಲಬೇಕು, ಎಕ್ಸ್‌ಪ್ರೆಸ್ ಗಾಡಿಗಳಿಗೆ ಎರಡರಲ್ಲಿ ಒಂದು ಸಾಕು ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಇಪ್ಪತ್ತೆರಡು ವರ್ಷ ಸೀಸನ್ ಪಾಸ್ ಇಟ್ಟುಕೊಂಡು ಬೀರೂರಿನಿಂದ ತರೀಕೆರೆಗೆ ಹೋಗಿ ಪಾಠ ಮಾಡಿ ಬಂದವಳು ನಾನು. ಅದನ್ನು ಓದಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಎರಡೂ ಊರು ಹತ್ತಿರವಿರುವುದು ನಿಜ. ಆದರೆ ಎರಡು ಜಂಕ್ಷನ್ನುಗಳ ಕೆಲಸ ಬೇರೆ ಬೇರೆ. ಕಡೂರಿನಲ್ಲಿ ಕವಲೊಡೆಯುವುದು ಚಿಕ್ಕಮಗಳೂರಿನ ದಾರಿ. ಸಖರಾಯಪಟ್ಟಣದ ಮೇಲೆ ಹೋಗುವ ಆ ಮಾರ್ಗದಲ್ಲಿ ಗಾಡಿ ಓಡತೊಡಗಿದ್ದು 2013ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಹಳಿ ಬಿದ್ದದ್ದು 1899ರಲ್ಲಿ. ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಆಚೆ ತಾಳಗುಪ್ಪದವರೆಗಿನ ಜನ ರೈಲಿನಲ್ಲಿ ದಾವಣಗೆರೆ, ರಾಣೆಬೆನ್ನೂರು, ಹುಬ್ಬಳ್ಳಿ ಕಡೆಗೆ ಹೋಗಬೇಕಾದರೆ ಇಳಿದು ಹತ್ತುವ ಜಾಗ ಬೀರೂರು. ಶಿವಮೊಗ್ಗದವರಿಗೆ ಹೊನ್ನಾಳಿ ಮೇಲೆ ಬಸ್ಸಿದೆ, ಅದು ಹತ್ತಿರದ ದಾರಿಯೂ ಹೌದು. ಆದರೆ ಮಂಡಿನೋವಿನವರು, ಸಣ್ಣ ಮಕ್ಕಳನ್ನು ಕಟ್ಟಿಕೊಂಡವರು, ಗಂಟುಮೂಟೆ ಇರುವವರು ಇಂದಿಗೂ ರೈಲನ್ನೇ ನಂಬಿದ್ದಾರೆ.

ಮೊನ್ನೆ ತಂಗಿಯನ್ನು ಗಾಡಿ ಹತ್ತಿಸಲು ಹೋಗಿದ್ದಾಗ ಬೆಂಚಿನ ಮೇಲೆ ಅಜ್ಜಿಯೊಬ್ಬರು ಕೂತಿದ್ದರು. ಕಾಲಡಿ ಎರಡು ಚೀಲ. ಒಂದರಲ್ಲಿ ಅಂಟಿನುಂಡೆಯ ಡಬ್ಬ, ಬೆಳ್ಳುಳ್ಳಿ. ಇನ್ನೊಂದರಲ್ಲಿ ಒಗೆದು ಮಡಿಸಿದ ಹಳೇ ಹತ್ತಿ ಸೀರೆಗಳು. "ಮಗಳ ಬಾಣಂತನಕ್ಕೆ ಹೊಂಟೀನಿ ಕಣಮ್ಮ, ಹುಬ್ಳಿ ಗಾಡಿ ಈ ಕಡಿಗೇ ಬರ್ತದಾ?" ಎಂದು ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೋರಿಸಿದರು. ಭದ್ರಾವತಿಯಿಂದ ರಾಣೆಬೆನ್ನೂರಿಗೆ ಕೊಂಡ ಟಿಕೆಟ್. ಅದರಲ್ಲಿ ನಮ್ಮೂರು ಇದ್ದದ್ದು 'ವಯಾ' ಎಂಬಲ್ಲಿ, 'ಆರ್‌ಆರ್‌ಬಿ' ಎಂಬ ಮೂರು ಅಕ್ಷರವಾಗಿ ಮಾತ್ರ. ಅದು ಬೀರೂರಿನ ಕೋಡ್.

ನಾನು ಹೇಳಬೇಕಾದ್ದೂ ಇದೇ. ಒಂದು ಗಾಡಿಗೆ ನಿಲುಗಡೆ ಬೇಕೋ ಬೇಡವೋ ಎಂಬ ಚರ್ಚೆ ಬಂದಾಗ ಆ ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಮಾರಾಟವಾಯಿತು ಎಂದು ಲೆಕ್ಕ ತೆಗೆಯುತ್ತಾರೆ. ಸಾಮಾನ್ಯ ನಿಲ್ದಾಣಕ್ಕೆ ಆ ಲೆಕ್ಕ ಸರಿ. ಜಂಕ್ಷನ್ನಿಗೆ ಅದು ಸಾಲದು. ಆ ಅಜ್ಜಿಯ ದುಡ್ಡು ಭದ್ರಾವತಿಯ ಕೌಂಟರಿಗೆ ಸೇರಿತು, ಇಳಿದ ಊರು ರಾಣೆಬೆನ್ನೂರು. ಬೀರೂರಿನ ಪುಸ್ತಕದಲ್ಲಿ ಅವರು ಎಲ್ಲೂ ಇಲ್ಲ. ಆದರೆ ಬೀರೂರಿನಲ್ಲಿ ಗಾಡಿ ನಿಲ್ಲದಿದ್ದರೆ ಅವರು ಮಗಳ ಮನೆ ಸೇರುವುದು ಹೇಗೆ? ಕಡೂರಿಗೆ ಹೋಗಿ ಗಾಡಿ ಬದಲಿಸಲಿ ಎಂದರೆ, ಬೀರೂರು ದಾಟಿ ಮುಂದೆ ಹೋಗಿ, ಅಲ್ಲಿ ಕಾದು, ಬೇರೆ ಗಾಡಿಯಲ್ಲಿ ಅದೇ ಬೀರೂರನ್ನು ಹಾದು ವಾಪಸು ಬರಬೇಕು. ಬೀರೂರು ಮಾರ್ಗವಾಗಿ ಕೊಟ್ಟ ಟಿಕೆಟ್ ಕಡೂರಿನವರೆಗೆ ನಡೆಯುವುದೂ ಇಲ್ಲ.

ಕಡೂರಿನ ನಿಲುಗಡೆ ಕಿತ್ತು ನಮಗೆ ಕೊಡಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಚಿಕ್ಕಮಗಳೂರಿನವರಿಗೆ ಕಡೂರು ಹೇಗೋ ಮಲೆನಾಡಿನ ಆ ಸೆರಗಿನವರಿಗೆ ಬೀರೂರು ಹಾಗೆ. ಅಕ್ಕಪಕ್ಕದ ಎರಡು ಊರುಗಳನ್ನು ಒಂದರ ಮೇಲೊಂದು ಎತ್ತಿಕಟ್ಟುವುದು ಬೇಡ.

ಬೆಂಗಳೂರು–ಹುಬ್ಬಳ್ಳಿ ಮಾರ್ಗ ಈಗ ಜೋಡಿ ಹಳಿಯಾಗಿ, ವಿದ್ಯುತ್ ಬಂದು ಗಾಡಿಗಳ ವೇಗ ಹೆಚ್ಚಿದೆ. ಸಂತೋಷದ ವಿಷಯವೇ. ಆ ವೇಗದಲ್ಲಿ ಎರಡು ನಿಮಿಷ ಬೀರೂರಿಗೆ ಕೊಟ್ಟರೆ ಹುಬ್ಬಳ್ಳಿಗೆ ಹೋಗುವವರಿಗೆ ದೊಡ್ಡ ನಷ್ಟವಾಗದು. ಇದರ ಜೊತೆಗೆ, ಶಿವಮೊಗ್ಗ ಕಡೆಯ ಪ್ಯಾಸೆಂಜರ್ ಬಂದು ಅರ್ಧ ಗಂಟೆಯೊಳಗೆ ಹುಬ್ಬಳ್ಳಿ ಕಡೆಯ ಗಾಡಿ ಸಿಗುವಂತೆ ವೇಳಾಪಟ್ಟಿ ಹೊಂದಿಸಿದರೆ, ರಾತ್ರಿ ಹೊತ್ತು ಹೆಂಗಸರು ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು ತಪ್ಪುತ್ತದೆ.

ನಿಲುಗಡೆಯ ಬಗ್ಗೆ ಯಾವುದೇ ತೀರ್ಮಾನಕ್ಕೆ ಮುಂಚೆ ಇಲ್ಲಿ ಗಾಡಿ ಬದಲಿಸುವವರನ್ನು ಒಂದೇ ಒಂದು ವಾರ ಎಣಿಸಿ ನೋಡಲಿ ಎಂಬುದು ನನ್ನ ಕೋರಿಕೆ. ಎಣಿಸಲು ಜನ ಸಾಲದಿದ್ದರೆ ಪುಸ್ತಕ, ಪೆನ್ನು ಹಿಡಿದು ಬೆಳಗಿನಿಂದ ಸಂಜೆವರೆಗೆ ಆ ಬೆಂಚಿನಲ್ಲಿ ಕೂರಲು ನಾನು ತಯಾರಿದ್ದೇನೆ.

– ನಿವೃತ್ತ ಶಿಕ್ಷಕಿ, ಬೀರೂರು, ಕಡೂರು ತಾಲ್ಲೂಕು